ಶಾರ್ಪ್ ಎಂಜೆಡ್-731: ಮೊದಲು ಟೇಪ್ ಹಾಕಿ, ಆಮೇಲೆ ಮಾತು

ಜಪಾನಿನ ಒಸಾಕಾದ ಎಲೆಕ್ಟ್ರಾನಿಕ್ಸ್ ಪೇಟೆಯಾದ ಡೆನ್‌ಡೆನ್ ಟೌನ್ ಕಡೆಯ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಶಾರ್ಪ್ ಕಂಪನಿಯ 1982ರ ಮನೆ-ಕಂಪ್ಯೂಟರ್ ಎಂಜೆಡ್-731 ಕಣ್ಣಿಗೆ ಬಿದ್ದರೆ, ಬೆಲೆಗಿಂತ ಮೊದಲು ಒಂದು ಮಾತು ಕೇಳಿ: ಬೇಸಿಕ್ (ಪ್ರೋಗ್ರಾಂ ಬರೆಯುವ ಭಾಷೆ) ಕ್ಯಾಸೆಟ್ ಜೊತೆಗಿದೆಯೋ ಇಲ್ಲವೋ? ಇಲ್ಲಿ ‘ಜಂಕ್’ ಎಂದು ಚೀಟಿ ಅಂಟಿಸಿದ ಮಾಲಿಗೆ ಗ್ಯಾರಂಟಿ ಇರುವುದಿಲ್ಲ, ವಾಪಸ್ಸೂ ತೆಗೆದುಕೊಳ್ಳುವುದಿಲ್ಲ. ಕ್ಯಾಸೆಟ್ ಇಲ್ಲದ ಎಂಜೆಡ್ ತಂದರೆ ಮನೆಯಲ್ಲಿ ಬೈಗುಳ ಗ್ಯಾರಂಟಿ.

ಯಾಕೆಂದರೆ ಈ ಯಂತ್ರಕ್ಕೆ ಹುಟ್ಟಿನಿಂದ ಬೇಸಿಕ್ ಬರುವುದಿಲ್ಲ. ಅದೇ 1982ರ ಕಮೋಡೋರ್ 64, ಸ್ಪೆಕ್ಟ್ರಮ್‌ಗಳಲ್ಲಿ ಬೇಸಿಕ್ ರೋಮ್ (ROM, ಅಳಿಯದ ಶಾಶ್ವತ ಮೆಮೊರಿ) ಚಿಪ್‌ನಲ್ಲೇ ಕೂತಿತ್ತು. ಸ್ವಿಚ್ ಹಾಕಿದರೆ ಸಾಕು. ಶಾರ್ಪ್‌ನವರು ಆ ಶಾಶ್ವತ ಚಿಪ್ಪಿಗೆ 4 ಕೆಬಿಯ ಒಂದು ಮಾನಿಟರ್ (ಪರದೆಯಲ್ಲ, ಯಂತ್ರವನ್ನು ಎಬ್ಬಿಸಿ ಟೇಪು ಓದಿಸುವ ಪುಟ್ಟ ಪ್ರೋಗ್ರಾಂ) ಮಾತ್ರ ತುಂಬಿ, ಮಿಕ್ಕ 64 ಕೆಬಿ ಮೆಮೊರಿಯನ್ನು ಖಾಲಿ ಬಿಟ್ಟರು. ‘ಕ್ಲೀನ್ ಕಂಪ್ಯೂಟರ್’ ಅಂತ ಅದಕ್ಕೊಂದು ಹೆಸರು.

ಆನ್ ಮಾಡಿದರೆ ಮಾನಿಟರ್‌ನ ಹೆಸರು, ಕೆಳಗೊಂದು ನಕ್ಷತ್ರ ಚಿಹ್ನೆ. ‘ಎಲ್’ ಒತ್ತಿ ಎಂಟರ್ ಕೊಟ್ಟರೆ ಪ್ಲೇ ಒತ್ತು ಅನ್ನುತ್ತದೆ. ರೆಕಾರ್ಡರ್ ಕೀಲಿಮಣೆಯ ಮೇಲ್ಗಡೆ ಅದೇ ಪೆಟ್ಟಿಗೆಯಲ್ಲೇ ಇದೆ, ವೈರಿನ ಗೋಜಲಿಲ್ಲ, ವಾಲ್ಯೂಮ್ ತಿರುಗಿಸುತ್ತ ಕೂರುವ ಕೆಲಸವಿಲ್ಲ. ವೇಗ ಸೆಕೆಂಡಿಗೆ 1200 ಬಿಟ್. ಮೊದಲು 128 ಬೈಟಿನ ಹೆಡರ್: ಫೈಲಿನ ಹೆಸರು, ಉದ್ದ, ಮೆಮೊರಿಯಲ್ಲಿ ಎಲ್ಲಿಗೆ ಇಳಿಯಬೇಕು, ಇಳಿದ ಮೇಲೆ ಎಲ್ಲಿಂದ ಓಡಬೇಕು. ಅದನ್ನು ಓದಿಕೊಂಡ ಮೇಲೆ ‘ಲೋಡಿಂಗ್’ ಎಂದು ತೋರಿಸಿ ಸುಮ್ಮನಾಗುತ್ತದೆ. ಮೂರು ನಿಮಿಷದ ಆಸುಪಾಸು. ಮುಗಿದದ್ದೇ ಬೇಸಿಕ್ ತಾನಾಗಿ ಶುರು; ‘ರನ್’ ಅನ್ನುವ ಅಗತ್ಯವೂ ಇಲ್ಲ.

ನನಗೆ ತುಂಬ ಹಿಡಿಸಿದ್ದು ಟೇಪಿನ ಮೇಲೆ ಬರೆಯುವ ಕ್ರಮ. ಪ್ರತಿ ತುಣುಕೂ ಎರಡು ಸಲ ದಾಖಲಾಗಿರುತ್ತದೆ, ಜೊತೆಗೆ ತಪ್ಪು ಹಿಡಿಯುವ ಲೆಕ್ಕ, ಅಂದರೆ ಚೆಕ್‌ಸಮ್. ಮೊದಲ ಪ್ರತಿಯಲ್ಲಿ ಲೆಕ್ಕ ತಪ್ಪಿದರೆ ಎರಡನೆಯದನ್ನು ಓದುತ್ತದೆ. ನಲವತ್ತು ವರ್ಷ ದಾಟಿದ ಟೇಪು ಇವತ್ತಿಗೂ ಲೋಡ್ ಆಗುತ್ತದೆ ಎಂದರೆ ಅದರಲ್ಲಿ ಈ ಜಾಗ್ರತೆಯ ಪಾಲೂ ಇರಲೇಬೇಕು. ಲೋಡ್ ನಿಧಾನ ಎಂದು ಗೊಣಗುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಇನ್ನು ಖಾಲಿ ಮೆಮೊರಿಯ ನಿಜವಾದ ಲಾಭ: ಬೇಸಿಕ್ ಬೇಸರವಾದರೆ ಪ್ಯಾಸ್ಕಲ್ ಭಾಷೆಯ ಟೇಪು ಹಾಕಿ, ಯಂತ್ರಭಾಷೆಯ ಮಟ್ಟದಲ್ಲಿ ಬರೆಯಲು ಅಸೆಂಬ್ಲರ್ ಹಾಕಿ, ಹಡ್ಸನ್ ಕಂಪನಿಯ ಹು-ಬೇಸಿಕ್ ಹಾಕಿ. ಚಿಪ್ಪಿನೊಳಗಿನ ಬೇಸಿಕ್‌ನಲ್ಲಿ ತಪ್ಪಿದ್ದರೆ ಚಿಪ್ಪನ್ನೇ ಬದಲಿಸಬೇಕು. ಇಲ್ಲಿ ಹೊಸ ಕ್ಯಾಸೆಟ್ ಸಾಕು. ಬೆಳಗಿನ ಕಾಫಿ ಇಳಿಯುವಷ್ಟು ಹೊತ್ತು ಕಾಯುವುದಕ್ಕೆ ಇದು ಒಳ್ಳೆಯ ಪ್ರತಿಫಲ ಅಂತಲೇ ನನ್ನ ಅಭಿಪ್ರಾಯ.

ಆಟದ ಆಸೆಗೆ ಕೊಳ್ಳುವವರು ಮಾತ್ರ ದೂರ ಇರಿ. 40 ಅಕ್ಷರ, 25 ಸಾಲು, ಎಂಟು ಬಣ್ಣ, ಅಷ್ಟೇ. ಪಿಕ್ಸೆಲ್ ಲೆಕ್ಕದಲ್ಲಿ ಚಿತ್ರ ಬಿಡಿಸಲು ಬರುವುದಿಲ್ಲ, ಇರುವ ಅಕ್ಷರ-ಚಿಹ್ನೆಗಳನ್ನೇ ಜೋಡಿಸಿ ನಿಭಾಯಿಸಬೇಕು.

731ರಲ್ಲಿ ನಾಲ್ಕು ಬಣ್ಣದ ಪುಟಾಣಿ ಪೆನ್ನುಗಳಿಂದ ಕಾಗದದ ಮೇಲೆ ಬರೆಯುವ ಪ್ಲಾಟರ್ ಇದೆ. ನೋಡಲು ಮುದ್ದು, ಆದರೆ ಹಳೇ ಪೆನ್ನುಗಳ ಶಾಯಿ ಒಣಗಿರುತ್ತದೆ. ಆ ಶೋಕಿ ಬೇಡವೆಂದರೆ ಇದೇ ಸರಣಿಯ 721 ತೆಗೆದುಕೊಳ್ಳಿ, ರೆಕಾರ್ಡರ್ ಅದರಲ್ಲೂ ಇದೆ. 711 ಅಗ್ಗಕ್ಕೆ ಸಿಕ್ಕರೂ ಯೋಚಿಸಿ: ಅದರಲ್ಲಿ ರೆಕಾರ್ಡರೇ ಇಲ್ಲ.