ಮಕ್ಕಳು ಚಿಕ್ಕವರಿರುವಾಗ ಸೈಕಲ್‌ಗೆ ಟೈಮ್: ನಾಲ್ಕು ಥರ ಮಾಡಿ ನೋಡಿದೆ

ದೊಡ್ಡವಳಿಗೆ 5 ವರ್ಷ, ಚಿಕ್ಕವನಿಗೆ 2. ದೊಡ್ಡವಳು ಹುಟ್ಟೋಕೆ ಮುಂಚೆ, 2017ರಲ್ಲಿ ಮೈಸೂರಲ್ಲಿ ಟ್ರಿಣ್ ಟ್ರಿಣ್ ಅನ್ನೋ ಬಾಡಿಗೆ ಸೈಕಲ್ ವ್ಯವಸ್ಥೆ ಶುರುವಾದಾಗ, ನನಗೆ ಸೈಕಲ್ ರೂಢಿ ವಾಪಸ್ ಬಂದಿದ್ದು. ಎರಡನೇ ಬಾಣಂತನ ಮುಗಿದ್ಮೇಲೆ ಅದನ್ನ ಉಳಿಸ್ಕೊಳ್ಳೋಕೆ ನಾಲ್ಕು ದಾರಿ ಟ್ರೈ ಮಾಡಿದೀನಿ.

ಮೊದಲ್ನೇದು ಎಲ್ರೂ ಹೇಳೋದೇ, 5 ಗಂಟೆಗೆ ಎದ್ದು ಚಾಮುಂಡಿ ಬೆಟ್ಟ. ಖುಷಿಗೆ ಇದಕ್ಕೆ ಸಾಟಿನೇ ಇಲ್ಲ, ಊರಿಂದ ಹತ್ರ ಹತ್ರ 300 ಮೀಟರ್ ಏರು, ಮೇಲೆ ಹೋಗಿ ನಿಂತ್ರೆ ಮೈಯೆಲ್ಲ ಹಗುರ. ಆದ್ರೆ ಚಿಕ್ಕವನು ಗೇಟಿನ ಚಿಲಕದ ಸದ್ದಿಗೇ ಎದ್ದುಬಿಡ್ತಾನೆ, ನಾನು ಬರೋ ಹೊತ್ತಿಗೆ ನಮ್ಮನೆಯವರು ಅವನನ್ನ ಸೊಂಟದ ಮೇಲೆ ಕೂರಿಸ್ಕೊಂಡು ಹಾಲು ಕಾಯಿಸ್ತಾ ನಿಂತಿರ್ತಾರೆ, ಸ್ಕೂಲ್ ವ್ಯಾನ್‌ಗೆ ಇನ್ನು 20 ನಿಮಿಷ, ದೊಡ್ಡವಳಿಗೆ ಜಡೆನೂ ಹಾಕಿರಲ್ಲ. ನನ್ನ ಎರಡು ಗಂಟೆ ಅವರ ನಿದ್ದೆಯಿಂದ ಹೋಗ್ತಿತ್ತು. ವಾರಕ್ಕೆ ಮೂರಿದ್ದಿದ್ದು ಒಂದಕ್ಕೆ ಇಳಿಸ್ದೆ.

ಆಮೇಲೆ ಟ್ರೈನರ್, ಸೆಕೆಂಡ್‌ಹ್ಯಾಂಡ್, ಅಂದ್ರೆ ಸೈಕಲ್ಲಿನ ಹಿಂದಿನ ಚಕ್ರನ ಒಂದು ಸ್ಟ್ಯಾಂಡಿಗೆ ಕೂರಿಸಿ ನಿಂತಲ್ಲೇ ತುಳಿಯೋದು. ಮಕ್ಕಳು ಮಲಗಿದ್ಮೇಲೆ ಮನೇಲೇ ಅರ್ಧ ಗಂಟೆ, ಅಂದ್ಕೊಂಡಿದ್ದು ಅಷ್ಟೇ. ಒಂದಿನ ಚಿಕ್ಕವನು ನಿದ್ದೆಗಣ್ಣಲ್ಲಿ ಎದ್ದು ಬಂದು ತಿರುಗ್ತಿರೋ ಕಡ್ಡಿಗಳ ಹತ್ರ ಬೆರಳು ಚಾಚ್ದ. ಅವತ್ತೇ ಮಡಚಿ ಅಟ್ಟಕ್ಕೆ ಹಾಕಿದ್ದು, ಇಳಿಸಿಲ್ಲ. ರೂಮಿಗೆ ಬಾಗಿಲು ಹಾಕ್ಕೊಳ್ಳೋ ಅನುಕೂಲ ಇಲ್ದಿದ್ರೆ ತಗೋಬೇಡಿ.

ಗೆದ್ದಿದ್ದು ಆಫೀಸ್ ದಾರಿ. ಕುವೆಂಪುನಗರದಿಂದ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಗೆ ಸ್ಕೂಟರಲ್ಲಿ 25 ನಿಮಿಷ, ಸೈಕಲಲ್ಲಿ 40. ಅಂದ್ರೆ ದಿನಕ್ಕೆ ಅರ್ಧ ಗಂಟೆ ಜಾಸ್ತಿ ಕೊಟ್ರೆ 80 ನಿಮಿಷ ತುಳಿದಂಗಾಗುತ್ತೆ, ಮನೇಲಿ ಯಾರ್ನೂ ಏನೂ ಕೇಳೋ ಹಂಗಿಲ್ಲ. ರಿಂಗ್ ರೋಡ್ ಲಾರಿ ಭಯಕ್ಕೆ ಒಳದಾರಿ ಹಿಡೀತೀನಿ, ಬ್ಯಾಗಲ್ಲಿ ಒಂದು ಕುರ್ತಾ, ಒದ್ದೆ ಟವಲ್. ವಾರಕ್ಕೆ ಮೂರು ದಿನ, ಮಳೆ ಬಂದ್ರೆ ಸ್ಕೂಟರ್. ಬೆಟ್ಟದ ಆ ಖುಷಿ ಇದ್ರಲ್ಲಿ ಸಿಗಲ್ಲ, ಆದ್ರೂ ತಿಂಗಳಾನುಗಟ್ಟಲೆ ನಿಲ್ಲದೆ ನಡೆದಿರೋದು ಇದೊಂದೇ.

ಭಾನುವಾರಕ್ಕೆ ಹಿಂದುಗಡೆ ಕಟ್ಟೋ ಮಗು ಸೀಟು. ನಮ್ದು 22 ಕೆಜಿ ತನಕ. ಇದನ್ನ ವ್ಯಾಯಾಮದ ಲೆಕ್ಕಕ್ಕೆ ಹಿಡೀಬೇಡಿ, ನಿಧಾನಕ್ಕೆ ಹೋಗ್ಬೇಕು, ಭಾರ ಮೇಲಿರೋದ್ರಿಂದ ನಿಲ್ಸುವಾಗ ಸೈಕಲ್ ವಾಲುತ್ತೆ, ಎರಡು ಕಾಲಿನ ಸ್ಟ್ಯಾಂಡ್ ಹಾಕಿಸ್ಲೇಬೇಕು, ಹಾಕಿಸಿದ್ರೂ ಮಗುನ ಕೂರಿಸಿ ಕೈ ಬಿಡೋ ಹಂಗಿಲ್ಲ. ಹೆಲ್ಮೆಟ್ ಬಕಲ್ ಹಾಕುವಾಗ ಗದ್ದದ ಚರ್ಮ ಸಿಕ್ಕೊಳ್ಳುತ್ತೆ, ನಡುವೆ ನಿಮ್ಮ ಬೆರಳು ಇಟ್ಕೊಳ್ಳಿ. ಮಾನಸಗಂಗೋತ್ರಿ ಯೂನಿವರ್ಸಿಟಿ ಕ್ಯಾಂಪಸ್ ಒಳಗೆ ಮರದ ನೆರಳಲ್ಲಿ ಒಂದು ರೌಂಡು, ಹಂಪ್ ದೂರದಲ್ಲಿ ಕಂಡ ತಕ್ಷಣ ದೊಡ್ಡವಳು ನನ್ನ ಟೀಶರ್ಟ್ ಹಿಡಿದು "ಅಮ್ಮಾ, ಹಂಪು!" ಅಂತ ಕೂಗ್ತಾಳೆ, ನಾನು ಬ್ರೇಕ್ ಹಿಡೀತೀನಿ. ಈಗ 17 ಕೆಜಿ ಇದಾಳೆ. ಮುಂದಿನ ವರ್ಷ ಸೀಟು ತಮ್ಮಂಗೆ ಬಿಟ್ಕೊಡ್ತಾಳಂತೆ, ಅವಳಿಗೆ 16 ಇಂಚಿನ ಸೈಕಲ್ ನೋಡ್ತಾ ಇದೀನಿ.