ಹಾರ್ಡ್‌ಕೋರ್ ಗಿಗ್‌ಗೆ ಯಾವ ಇಯರ್‌ಪ್ಲಗ್? ಬ್ಯಾಂಡ್ ಜೊತೆ ಕಿರುಚುವವರಿಗಾಗಿ ಒಂದು ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಉದ್ದ ಕಡ್ಡಿಯ ಸಿಲಿಕೋನ್ ಪ್ಲಗ್‌ಗೆ. ಒಂದರ ಹಿಂದೊಂದು ಮೂರು ಪುಟ್ಟ ಕೊಡೆ ಪೋಣಿಸಿದ ಹಾಗೆ ಕಾಣುತ್ತದಲ್ಲ, ಅದು. ನನ್ನ ಹತ್ತಿರ ಇರುವುದು ಇಟಿಮೋಟಿಕ್ ಕಂಪನಿಯ ಇಆರ್20. ಡಬ್ಬಿಯಲ್ಲಿ ಏನೇನು ಬರುತ್ತದೆ, ಎಷ್ಟು ಬಣ್ಣ ಇದೆ ಅನ್ನೋದೆಲ್ಲ ಬಿಡಿ. ಮುಂದಿನ ಸಾಲಲ್ಲಿ ನಿಂತು, ಬೆವರು ಸುರಿಸಿಕೊಂಡು, ಹಾಡುವವನ ಜೊತೆ ತಾನೂ ಗಂಟಲು ಹರಿದುಕೊಳ್ಳುವ ನನ್ನಂಥವರಿಗೆ ಯಾವುದು ಆಗುತ್ತದೆ? ಇಲ್ಲಿ ನೋಡುತ್ತಿರುವುದು ಅಷ್ಟೇ.

ನಮ್ಮ ಬೆಂಗಳೂರಿನ ಗಿಗ್‌ಗಳ, ಅಂದರೆ ಬ್ಯಾಂಡ್‌ಗಳ ಲೈವ್ ಶೋಗಳ, ಸ್ವರೂಪವೇ ಬೇರೆ. ಇಲ್ಲಿ ಪಂಕ್, ಅದಕ್ಕಿಂತ ವೇಗದ, ಒರಟಾದ ಹಾರ್ಡ್‌ಕೋರ್ ಬ್ಯಾಂಡ್‌ಗಳು ಕಡಿಮೆ. ಹಾಗಾಗಿ ಒಂದೇ ಸಂಜೆ ಹಾರ್ಡ್‌ಕೋರ್ ಆದಮೇಲೆ ವೇಗದ ಥ್ರ್ಯಾಶ್ ಮೆಟಲ್, ಅದಾದಮೇಲೆ ನಿಧಾನದ ಡೂಮ್ ಮೆಟಲ್ ಹೀಗೆ ಎಲ್ಲ ಬಂದುಹೋಗುತ್ತವೆ. ನನಗೆ ಅದೇ ಇಷ್ಟ. ಈ ಊರಿನಲ್ಲಿ ಕನ್ನಡದಲ್ಲೇ ಡೆತ್ ಮೆಟಲ್ ಮಾಡಿದ 'ದ್ವೇಷ' ಬ್ಯಾಂಡ್ ಇದೆ, ನಿಧಾನಕ್ಕೆ ಎದೆ ನಡುಗಿಸುವ ಬೆವರ್ ಸೀ ಇದೆ. ಹಾರ್ಡ್‌ಕೋರ್ ಹುಚ್ಚು ಹಿಡಿಸಿದ್ದು ಮಾತ್ರ ಮುಂಬೈನ ಸ್ಕ್ರೈಬ್, ರಾಯಟ್ ಪೆಡ್ಲರ್ಸ್, ಡೆತ್ ಬೈ ಫಂಗೈ ಥರದವರು. ಹಾಡು ಒಂದೂವರೆ ನಿಮಿಷಕ್ಕೆ ಮುಗಿದುಹೋಗುತ್ತದೆ. ಹಾಡಿದವನೇ ಆಮೇಲೆ ಮೂಲೆಯ ಟೇಬಲ್ ಹತ್ತಿರ ನಿಂತು ಟೀ ಶರ್ಟ್ ಮಾರುತ್ತಾನೆ, ಚಿಲ್ಲರೆ ಇಲ್ಲ ಗುರು ಅನ್ನುತ್ತಾನೆ. ಸ್ಟೇಜ್ ಅಂದರೆ ಒಂದು ಮೆಟ್ಟಿಲು ಎತ್ತರ. ಸೂರು ಕೈಗೆ ಸಿಗುವಷ್ಟು ತಗ್ಗು. ಡ್ರಮ್ಮರ್‌ನ ಸಿಂಬಲ್‌ಗೂ ನನ್ನ ಕಿವಿಗೂ ನಡುವೆ ಏನೂ ಇರಲ್ಲ.

ಇಂಥ ಕೋಣೆಯಲ್ಲಿ ನನ್ನ ಫೋನಿನ ಆ್ಯಪ್ ಸುಮ್ನೆ ನೂರು ಡೆಸಿಬೆಲ್ ದಾಟಿ ಕೂತಿರುತ್ತದೆ. ಫೋನಿನ ಮೈಕ್ ಅಷ್ಟೇನೂ ಕರಾರುವಾಕ್ಕಲ್ಲ, ಒಪ್ಪುತ್ತೇನೆ. ಆದರೆ ಲೆಕ್ಕ ನೋಡಿ. ಅಮೆರಿಕದ ನಯೋಶ್ ಸಂಸ್ಥೆ ಕೆಲಸದ ಜಾಗಗಳಿಗೆ ಶಿಫಾರಸು ಮಾಡಿರುವ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧ. 100ಕ್ಕೆ ಬರೀ 15 ನಿಮಿಷ, 106ಕ್ಕೆ ನಾಲ್ಕು ನಿಮಿಷವೂ ಇಲ್ಲ. ಅಂದರೆ ಮೊದಲ ಬ್ಯಾಂಡಿನ ಮೂರನೇ ಹಾಡಿಗೇ ಅವತ್ತಿನ ಕೋಟಾ ಖಾಲಿ.

ಅಮೆರಿಕದ ಬೋಸ್ಟನ್‌ನ ಪಂಕ್ ಬ್ಯಾಂಡ್ ಮಿಷನ್ ಆಫ್ ಬರ್ಮಾ 1983ರಲ್ಲಿ ನಿಂತುಹೋಗಿದ್ದೇ ಗಿಟಾರ್ ವಾದಕ ರೋಜರ್ ಮಿಲ್ಲರ್ ಕಿವಿ ಒಂದೇ ಸಮನೆ ಗುಂಯ್ ಅನ್ನಲು ಶುರುವಾಗಿದ್ದಕ್ಕೆ. ಕೊನೆಕೊನೆಗೆ ಆತ ಕಿವಿಯೊಳಗೆ ಫೋಮ್, ಅದರ ಮೇಲೆ ಶೂಟಿಂಗ್ ರೇಂಜ್‌ನವರು ಹಾಕುವಂಥ ಇಯರ್‌ಮಫ್ ಹಾಕಿಕೊಂಡು ನುಡಿಸುತ್ತಿದ್ದ. ಬ್ಯಾಂಡ್ ಮತ್ತೆ ಸೇರಿದ್ದು 2002ರಲ್ಲಿ. ಇದನ್ನು ಓದಿದ ಮೇಲೆ "ಪಂಕ್ ಕೇಳೋಕೆ ಬಂದು ಕಿವಿ ಮುಚ್ಚಿಕೊಳ್ಳೋದಾ" ಅಂತ ನಗುವವರಿಗೆ ನಾನು ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ.

ಸರಿ, ಒಂದೊಂದಾಗಿ ಬರೋಣ. ಹತ್ತಿ, ಟಿಶ್ಯೂ ಪೇಪರ್: ಬೇಡ, ಮನಸ್ಸಿಗೆ ಸಮಾಧಾನ ಅಷ್ಟೇ.

ಫೋಮ್ ಪ್ಲಗ್ ಒಂದು ಜೊತೆಗೆ ನನಗೆ 20 ರೂಪಾಯಿ ಆಸುಪಾಸು ಬಿತ್ತು. ಸುರಕ್ಷತಾ ಸಾಮಾನು ಮಾರುವ ಯಾವ ಅಂಗಡಿಯಲ್ಲೂ ಸಿಗುತ್ತದೆ, ನಾನು ಎಸ್.ಪಿ. ರೋಡ್ ಕಡೆ ಹೋದಾಗ ಹಿಡಿ ತುಂಬ ತರುತ್ತೇನೆ. ಶಬ್ದ ತಡೆಯುವುದರಲ್ಲಿ ಇದನ್ನು ಮೀರಿಸೋದು ಕಷ್ಟ. ಒಳ್ಳೆಯವುಗಳ ಪ್ಯಾಕೆಟ್ ಮೇಲೆ 29 ಡೆಸಿಬೆಲ್ ಅಂತ ಇರುತ್ತದೆ. ಆದರೆ ಅಷ್ಟು ಸಿಗಬೇಕಾದರೆ ಹಾಕುವ ಕ್ರಮ ಗೊತ್ತಿರಬೇಕು. ಬೆರಳಲ್ಲಿ ಹೊಸೆದು ಕಡ್ಡಿಯಷ್ಟು ತೆಳ್ಳಗೆ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆಳೆದು ಹಿಡಿದು, ಒಳಗೆ ತೂರಿಸಿ, ಅದು ಉಬ್ಬುವ ತನಕ ಅರ್ಧ ನಿಮಿಷ ಒತ್ತಿಕೊಂಡಿರಬೇಕು. ಇದನ್ನೆಲ್ಲ ಗಿಗ್‌ಗೆ ಮುಂಚೆ ರಸ್ತೆಯಲ್ಲೇ ಮಾಡಿಕೊಂಡು ಒಳಗೆ ಹೋಗಿ. ಪಿಟ್ (ಸ್ಟೇಜ್ ಮುಂದೆ ಜನ ತಳ್ಳಾಡಿಕೊಂಡು ಕುಣಿಯುವ ಜಾಗ) ಪಕ್ಕ ನಿಂತು ಬೆವರಿನ ಕೈಯಲ್ಲಿ ಹೊಸೆಯಲು ಹೋದರೆ ಅದು ಒದ್ದೆಯಾಗಿ ಜಾರುತ್ತದೆ, ಉಬ್ಬುವುದೇ ಇಲ್ಲ.

ತೊಂದರೆ ಏನೆಂದರೆ ಫೋಮ್ ಎಲ್ಲವನ್ನೂ ಒಂದೇ ಸಮ ಕಡಿಮೆ ಮಾಡಲ್ಲ. ಮೇಲಿನ ಸ್ವರಗಳನ್ನು ಜಾಸ್ತಿ ನುಂಗುತ್ತದೆ. ಗಿಟಾರಿನ ಕರಕರ ಹೋಯಿತು, ಸ್ನೇರ್ ಡ್ರಮ್‌ನ ಚಟ್ ಹೋಯಿತು, ಮಾತಂತೂ ಅರ್ಥವೇ ಆಗಲ್ಲ. ಉಳಿಯುವುದು ಬೇಸ್‌ನ ದಮದಮ. ಡೂಮ್ ಬ್ಯಾಂಡಿಗೆ ಹೇಗೋ ನಡೆಯುತ್ತದೆ. ಹಾರ್ಡ್‌ಕೋರ್‌ನಲ್ಲಿ ಕರಕರ ತೆಗೆದರೆ ಇನ್ನೇನು ಉಳಿಯಿತು?

ಆಮೇಲೆ ನಾನು ಆನ್‌ಲೈನ್‌ನಲ್ಲಿ ತರಿಸಿದ ಒಂದು ಪ್ಲಗ್. ಕಂಪನಿ ಹೆಸರೆಲ್ಲ ಬೇಡ. ನೋಡೋಕೆ ಚೆಂದ, ಗಿಡ್ಡ, ಕಿವಿಯಿಂದ ಹೊರಗೆ ಕಾಣುವುದೇ ಇಲ್ಲ, ಮಧ್ಯೆ ಒಂದು ಲೋಹದ ಫಿಲ್ಟರ್. 600 ರೂಪಾಯಿ. ಮೊದಲ ಬ್ಯಾಂಡಿಗೆ ಚೆನ್ನಾಗಿಯೇ ಇತ್ತು. ಎರಡನೇ ಬ್ಯಾಂಡಿನ ಬ್ರೇಕ್‌ಡೌನ್‌ನಲ್ಲಿ (ಹಾಡು ಒಮ್ಮೆಲೇ ನಿಧಾನವಾಗಿ ಭಾರವಾಗುವ ಭಾಗ) ಯಾರದೋ ಭುಜ ತಲೆಗೆ ತಾಗಿತು, ಎಡಗಿವಿಗೆ ಒಮ್ಮೆಲೇ ಸಿಂಬಲ್ ಬಡಿಯಿತು. ಪ್ಲಗ್ ಕಿವಿಯಲ್ಲೇ ಇದೆ, ಫಿಲ್ಟರ್ ಮಾತ್ರ ಇಲ್ಲ! ಅಂದರೆ ಕಿವಿಯಲ್ಲಿರುವುದು ಬರೀ ತೂತಿರುವ ರಬ್ಬರು. ಬಿಯರ್ ಚೆಲ್ಲಿ ಅಂಟಂಟಾಗಿದ್ದ ನೆಲದ ಮೇಲೆ ಫೋನ್ ಟಾರ್ಚ್ ಹಾಕಿಕೊಂಡು ಹುಡುಕಿದೆ. ಸಿಕ್ಕಿದ್ದು ಒಂದು ಗಿಟಾರ್ ಪಿಕ್ ಮತ್ತು ಯಾರದೋ ಕೀ ಚೈನ್. ಮಾರಿದವರು ಬಿಡಿ ಫಿಲ್ಟರ್ ಕೊಡಲ್ಲವಂತೆ, ಹೊಸ ಜೊತೆಯೇ ತಗೊಳ್ಳಬೇಕಂತೆ. ಆಯ್ತು, ನಮಸ್ಕಾರ.

ಆದರೆ ನಿಜವಾಗಿ ನನ್ನ ತಲೆ ತಿಂದಿದ್ದು ಕಳೆದುಹೋದ ಫಿಲ್ಟರ್ ಅಲ್ಲ. ಈ ಗಿಡ್ಡ ಪ್ಲಗ್ ಹಾಕಿಕೊಂಡು ಕಿರುಚಲು ಆಗುತ್ತಿರಲಿಲ್ಲ. ಹಾರ್ಡ್‌ಕೋರ್ ಗಿಗ್‌ಗೆ ಹೋದವರಿಗೆ ಗೊತ್ತಿರುತ್ತದೆ, ಪಲ್ಲವಿ ಬಂದಾಗ ಹಾಡುವವನು ಹಾಡಲ್ಲ, ಮೈಕನ್ನು ಮುಂದಿನ ಸಾಲಿನವರ ಮುಖಕ್ಕೆ ಹಿಡಿಯುತ್ತಾನೆ. ಐದಾರು ಜನ ಒಬ್ಬರ ಮೇಲೊಬ್ಬರು ಬಿದ್ದು ಕೂಗಬೇಕು. ನಾನು ಗಿಗ್‌ಗೆ ಹೋಗುವುದೇ ಆ ಹತ್ತು ಸೆಕೆಂಡಿಗೆ. ಈ ಪ್ಲಗ್ ಹಾಕಿ ಬಾಯಿ ತೆರೆದ ತಕ್ಷಣ ನನ್ನ ದನಿಯೇ ತಲೆಬುರುಡೆಯೊಳಗೆ ಧಂ ಅಂತ ತುಂಬಿಕೊಂಡು ಬ್ಯಾಂಡ್ ಪೂರ್ತಿ ಮಾಯ. ಡ್ರಮ್ ಎಲ್ಲಿದೆ, ನಾನೆಲ್ಲಿದ್ದೇನೆ ಗೊತ್ತಾಗಲ್ಲ. ಒಂದು ಬೀಟ್ ಹಿಂದೆ ಬಿದ್ದು ಒಬ್ಬನೇ ಕೂಗಿ ಮುಗಿಸಿದ್ದೂ ಇದೆ. ಆಮೇಲಾಮೇಲೆ ಮೈಕ್ ಹತ್ತಿರ ಬಂದರೆ ಸುಮ್ನೆ ತಲೆ ಆಡಿಸಲು ಶುರು ಮಾಡಿದೆ. ಮುಂದಿನ ಸಾಲಲ್ಲಿ ನಿಂತು ಬಾಯಿ ಮುಚ್ಚಿಕೊಂಡಿರುವುದು ಯಾವ ಸುಖಕ್ಕೆ?

ಬೇಕಾದರೆ ಈಗಲೇ ನೋಡಿ. ಎರಡೂ ಕಿವಿಗೆ ಬೆರಳನ್ನು ಹಗುರವಾಗಿ ಇಟ್ಟು ಮುಚ್ಚಿ, ಮೊದಲು "ಆ" ಅನ್ನಿ, ಆಮೇಲೆ "ಊ" ಅನ್ನಿ. ಊ ಅಂದಾಗ ಜಾಸ್ತಿ ಗುಡುಗುತ್ತದೆ. "ಈ" ಅಂದರೂ ಅಷ್ಟೇ. ನಾವು ಕೂಗಿದಾಗ ದನಿ ಬಾಯಿಂದ ಮಾತ್ರ ಹೊರಡಲ್ಲ, ದವಡೆ, ಮೂಳೆಗಳ ಮೂಲಕ ಕಿವಿಯ ದಾರಿಯ ಹೊರಭಾಗದ ಮೆತ್ತನೆ ಗೋಡೆಯೂ ಅದುರುತ್ತದೆ. ಕಿವಿ ತೆರೆದಿದ್ದರೆ ಆ ಶಬ್ದ ಹೊರಗೆ ಹೋಗುತ್ತದೆ. ಬಾಗಿಲಲ್ಲೇ ಪ್ಲಗ್ ಕೂತಿದ್ದರೆ ಅದು ಒಳಗೇ ಸಿಕ್ಕಿಹಾಕಿಕೊಂಡು ಕಿವಿಯ ತಮಟೆಗೆ ಬಡಿಯುತ್ತದೆ. ಪ್ಲಗ್ ಆಳಕ್ಕೆ, ಮೂಳೆಯ ಭಾಗದ ತನಕ ಹೋದರೆ, ಅದುರುವ ಮೆತ್ತನೆ ಗೋಡೆ ಪ್ಲಗ್‌ನ ತುದಿಯಿಂದ ಹೊರಗಡೆಗೆ ಉಳಿಯುತ್ತದೆ, ಗುಡುಗು ಇಳಿಯುತ್ತದೆ. ಅಂದರೆ ಹೊರಗೆ ಕಾಣದ ಗಿಡ್ಡ ಪ್ಲಗ್ ಮಲಗಲು, ಹೆಲ್ಮೆಟ್ ಒಳಗೆ ಹಾಕಲು ಒಳ್ಳೆಯದು, ಕಿರುಚಲು ಮಾತ್ರ ಎಲ್ಲಕ್ಕಿಂತ ಕೆಟ್ಟದ್ದು.

ಫೋಮ್ ಆಳಕ್ಕೆ ಹೋಗುತ್ತದೆ, ನಿಜ. ಆದರೆ ಬಾಯಿ ಅಗಲ ತೆರೆದಾಗೆಲ್ಲ ದವಡೆ ಸರಿದು ಕಿವಿಯ ದಾರಿಯ ಆಕಾರವೇ ಬದಲಾಗುತ್ತದೆ, ನನ್ನ ಕಿವಿಯಲ್ಲಿ ಅದು ಚೂರು ಚೂರೇ ಹೊರಗೆ ಬರುತ್ತದೆ. ಕೂಗಿದಷ್ಟೂ ಸಡಿಲ, ಸಡಿಲವಾದಷ್ಟೂ ಗುಡುಗು. ಮತ್ತೆ ಹೊಸೆಯಬೇಕು, ಮತ್ತೆ ಅರ್ಧ ನಿಮಿಷ ಒತ್ತಿಕೊಂಡು ನಿಲ್ಲಬೇಕು. ಅಷ್ಟರಲ್ಲಿ ಹಾರ್ಡ್‌ಕೋರ್ ಹಾಡಿನ ಮೂರರಲ್ಲಿ ಒಂದು ಪಾಲು ಮುಗಿದಿರುತ್ತದೆ.

ಮೂರು ಕೊಡೆ ಗೆಲ್ಲುವುದು ಇಲ್ಲೇ. ಉದ್ದ ಕಡ್ಡಿ ಇರುವುದರಿಂದ ಹಿಡಿದು ಆಳಕ್ಕೆ ಒತ್ತಬಹುದು, ಸಡಿಲವಾದರೆ ಎರಡು ಹಾಡಿನ ನಡುವೆ ಒಂದೇ ಬೆರಳಲ್ಲಿ ಸರಿ ಮಾಡಬಹುದು. ಗುಡುಗು ಪೂರ್ತಿ ಹೋಗಲ್ಲ, ಆದರೆ ನನ್ನ ದನಿಯ ಹಿಂದೆ ಸ್ನೇರ್ ಕೇಳುತ್ತದೆ, ಅಷ್ಟು ಸಾಕು. ಎರಡನೆಯದಾಗಿ, ತೆರೆದ ಕಿವಿ ತಾನಾಗಿಯೇ 2,700 ಹರ್ಟ್ಜ್ ಹತ್ತಿರದ ಶಬ್ದವನ್ನು ಎತ್ತಿ ಕೊಡುತ್ತದೆ. ವ್ಯಂಜನಗಳು, ಗಿಟಾರಿನ ಕರಕರ ಎಲ್ಲ ಆ ಕಡೆಯೇ ಇರುವುದು. ಕಿವಿ ಮುಚ್ಚಿದರೆ ಆ ಲಾಭ ಹೋಗುತ್ತದೆ. ಇಆರ್20ರ ಕಡ್ಡಿಯನ್ನು ಅದನ್ನೇ ವಾಪಸ್ ಕೊಡುವ ಹಾಗೆ ಮಾಡಿದ್ದಾರೆ, ಹೆಚ್ಚುಕಡಿಮೆ ಎಲ್ಲ ಸ್ವರಗಳೂ 20 ಡೆಸಿಬೆಲ್ ಇಳಿಯುತ್ತವೆ. ಪ್ಯಾಕೆಟ್ ಮೇಲಿನ ಅಧಿಕೃತ ಅಂಕಿ 12 ಅಂತ ಇರುವುದು ನೋಡಿ ಹೆದರಬೇಡಿ. ಆ ರೇಟಿಂಗ್ ಪದ್ಧತಿಯೇ ಕೈ ಬಿಗಿ ಹಿಡಿದು ಲೆಕ್ಕ ಹಾಕುವಂಥದ್ದು. ಹಾಗಂತ ಸ್ಪೀಕರ್‌ಗೆ ಒರಗಿಕೊಂಡು ನಿಲ್ಲುವವರಿಗೆ ಇದು ಸಾಲದು, ಅವರಿಗೆ ಫೋಮೇ ಸರಿ.

ಇದಕ್ಕೆ ಕೊಡುವ ದಾರವನ್ನು ಮನೆಯಲ್ಲೇ ಬಿಚ್ಚಿಟ್ಟು ಬನ್ನಿ. ಪಿಟ್‌ನಲ್ಲಿ ಯಾರದಾದರೂ ಕೈಗೆ ಸಿಕ್ಕರೆ ಎರಡೂ ಒಟ್ಟಿಗೆ ಕಿತ್ತು ಬರುತ್ತವೆ. ಕಡ್ಡಿ ಹೊರಗೆ ಚಾಚಿರುವುದರಿಂದ ಹೆಲ್ಮೆಟ್ ಹಾಕಲು ಆಗಲ್ಲ. ಸೋಪ್ ನೀರಲ್ಲಿ ತೊಳೆದರೆ ಆಯ್ತು.

ಸೌಂಡ್ ಎಂಜಿನಿಯರ್ ಪಕ್ಕ ಹಿಂದೆ ಹೋಗಿ ನಿಲ್ಲುವುದೂ ಒಂದು ದಾರಿ. ಮಿಕ್ಸ್ ಅಲ್ಲೇ ಚೆನ್ನಾಗಿ ಕೇಳುವುದು, ಖರ್ಚೂ ಇಲ್ಲ. ನಾನು ನಿಲ್ಲಲ್ಲ.

ದುಡ್ಡಿನ ಮಾತು. ಇಲ್ಲಿನ ಗಿಗ್ ಟಿಕೆಟ್ ನನಗೆ 400 ರೂಪಾಯಿ ಹತ್ತಿರ ಬೀಳುತ್ತದೆ. ಇಆರ್20ಯನ್ನು ಅಮೆರಿಕದಿಂದ ಬರುತ್ತಿದ್ದ ಭಾವನ ಕೈಲಿ ತರಿಸಿದೆ, 20 ಡಾಲರ್ ಆಸುಪಾಸು. ನಾಲ್ಕೈದು ಟಿಕೆಟ್ ದುಡ್ಡು. ತಿಂಗಳಿಗೆ ಒಂದೆರಡು ಗಿಗ್ ನೋಡುವವರಿಗೆ ಹೊರೆ ಅಲ್ಲ. ವರ್ಷಕ್ಕೊಮ್ಮೆ ಹೋಗುವವರು, ಕೂಗುವ ಚಟ ಇಲ್ಲದವರು ಫೋಮ್ ತಗೊಳ್ಳಿ, ಜೇಬಲ್ಲಿ ಎರಡು ಜೊತೆ ಜಾಸ್ತಿ ಇಟ್ಟುಕೊಳ್ಳಿ, ಪಕ್ಕದಲ್ಲಿ ಯಾರಾದರೂ ಕಿವಿ ಹಿಡಿದುಕೊಂಡಿದ್ದರೆ ಕೊಡಬಹುದು.

ಉಳಿದದ್ದು ಕಿವಿಯ ಅಚ್ಚು ತೆಗೆದು ಮಾಡಿಸುವ ಪ್ಲಗ್. ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಹತ್ತಿರ ಹೋಗಬೇಕು, ನನಗೆ ಹೇಳಿದ ರೇಟು ಐದಂಕಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಸಾಧನಗಳಿಗೆ ಕಿವಿಯ ಅಚ್ಚು ತೆಗೆಯುತ್ತಾರೆ, ಸಂಗೀತದ ಫಿಲ್ಟರ್ ಕೂರಿಸಿ ಕೊಡುತ್ತಾರಾ ಅಂತ ಮುಂದಿನ ಸಲ ಊರಿಗೆ ಹೋದಾಗ ಕೇಳಿಕೊಂಡು ಬರಬೇಕು. ನಿಮ್ಮಲ್ಲಿ ಯಾರಾದರೂ ಅಂಥದ್ದನ್ನು ಮಾಡಿಸಿದ್ದರೆ ಬೆಲೆ, ಬಣ್ಣ ಏನೂ ಹೇಳಬೇಡಿ. ಹಾಕಿಕೊಂಡು "ಊ" ಅಂತ ಕೂಗಿದರೆ ಹೇಗಿರುತ್ತದೆ, ಅದೊಂದು ಹೇಳಿ.