ಆರ್ದ್ರೆಯೋ ಜ್ಯೇಷ್ಠೆಯೋ: ಉತ್ತರ ಕನ್ನಡದಿಂದ ಕೆಂಪು ಮಹಾದೈತ್ಯ ನೋಡುವವರಿಗೆ

ಆರ್ದ್ರೆ (ಬೀಟಲ್‌ಜ್ಯೂಸ್), ಜ್ಯೇಷ್ಠೆ (ಆಂಟಾರಿಸ್) ಎರಡೂ ಕೆಂಪು ಮಹಾದೈತ್ಯ, ಅಂದರೆ ಅತಿಯಾಗಿ ಉಬ್ಬಿದ ಕೆಂಪು ನಕ್ಷತ್ರಗಳೇ. ವ್ಯತ್ಯಾಸ ಮೊದಲು ಋತುವಿನದು. ಆರ್ದ್ರೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಸಂಜೆಗೇ ಸಿಗುತ್ತದೆ; ದಿಗಂತದಿಂದ ಸುಮಾರು 83 ಡಿಗ್ರಿ ಎತ್ತರಕ್ಕೇರುವುದರಿಂದ ಶಿರಸಿಯ ಅಡಿಕೆ ಮರಗಳೂ ಅಡ್ಡ ಬರುವುದಿಲ್ಲ. ಜ್ಯೇಷ್ಠೆ 49 ಡಿಗ್ರಿ ದಾಟದು, ಅದರ ಸಂಜೆಗಳನ್ನು ಮಳೆಗಾಲ ನುಂಗುತ್ತದೆ. ಮೇ ತಿಂಗಳಲ್ಲೇ, ರಾತ್ರಿ 10ರ ನಂತರ, ನೋಡಿಬಿಡಬೇಕು.

ಬರಿಗಣ್ಣಿನವರಿಗೆ ಆರ್ದ್ರೆಯೇ ಲೇಸು. ಅದರ ಕಾಂತಿ ಕಣ್ಣಿಗೆ ಗೊತ್ತಾಗುವಷ್ಟು ಏರಿಳಿಯುತ್ತದೆ. 2020ರ ಫೆಬ್ರವರಿಯಲ್ಲಿ ಕಾಂತಿಮಾನ ಸುಮಾರು 1.6ಕ್ಕೆ ಕುಸಿದಿತ್ತು (ಇದು ಹೊಳಪಿನ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಮಂಕು). ರೋಹಿಣಿಯೊಡನೆ ಹೋಲಿಸಿ ಬರೆದಿಡಿ, ಎರಡೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುವಾಗ ಮಾತ್ರ: ಕಾರವಾರದ ಕಡಲಂಚಿನ ತೇವದ ಗಾಳಿ ಕೆಳಗಿರುವ ನಕ್ಷತ್ರವನ್ನು ಮಂಕಾಗಿಸುತ್ತದೆ.

6 ಇಂಚಿನ ಟೆಲಿಸ್ಕೋಪ್ ಇದ್ದರೆ ಜ್ಯೇಷ್ಠೆಯ ಸೊಗಸೇ ಬೇರೆ. 3 ಆರ್ಕ್‌ಸೆಕೆಂಡಿಗೂ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ಕಡಿಮೆ ಅಂತರದಲ್ಲಿ ಮಂಕಾದ ಜೊತೆಗಾರ ನಕ್ಷತ್ರವಿದೆ. ಗಾಳಿ ನಡುಗುವ ರಾತ್ರಿ ಅದು ಕಾಣದು.